ರಾಜ್ಯ ದಕ್ಕಿತು, ಮನೆ ದಕ್ಕಲಿಲ್ಲ

ಕೊಡಗಿನ ಹಾಲೇರಿ ಅರಸರ ಮಾತು ಬಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವವನು ಕೊನೆಯ ದೊರೆ ಚಿಕ್ಕವೀರರಾಜೇಂದ್ರ. ಮಾಸ್ತಿಯವರ ಕಾದಂಬರಿ, ಅದಕ್ಕೆ 1983ರಲ್ಲಿ ಸಂದ ಜ್ಞಾನಪೀಠ, ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಬೆಳೆದ ರಾಜಕುಮಾರಿ ಗೌರಮ್ಮನ ಕಥೆ ಎಲ್ಲ ಸೇರಿ, ರಾಜ್ಯ ಕಳೆದುಕೊಂಡವನನ್ನೇ ಹೆಸರುವಾಸಿ ಮಾಡಿವೆ. ಕಳೆದುಹೋಗಿದ್ದ ರಾಜ್ಯವನ್ನು ಕತ್ತಿ ಹಿಡಿದು ಮರಳಿ ಗಳಿಸಿದವನು ಅವನ ದೊಡ್ಡಪ್ಪ, ದೊಡ್ಡವೀರರಾಜೇಂದ್ರ. ಇವನ ಬಗ್ಗೆ ಚಾಲ್ತಿಯಲ್ಲಿರುವುದು ಎರಡು ತುಂಡಿನ ಕಥೆ. ಮೊದಲ ತುಂಡಿನಲ್ಲಿ ಅವನು ಸೆರೆಯಿಂದ ತಪ್ಪಿಸಿಕೊಂಡು ಬಂದು ಟಿಪ್ಪುವಿನ ಕೋಟೆಗಳನ್ನು ಒಂದೊಂದಾಗಿ ಹಿಡಿದ ವೀರ. ಎರಡನೆಯದರಲ್ಲಿ ಹೆಂಡತಿ ತೀರಿಕೊಂಡ ದುಃಖಕ್ಕೆ ಬುದ್ಧಿ ಕೆಟ್ಟು, ಸ್ವಂತ ತಮ್ಮನನ್ನೇ ಕೊಲ್ಲಿಸಿದ ಹುಚ್ಚ. ನಡುವೆ ಒಂದು ಗೆರೆ ಎಳೆದು, ಈಚೆಯವನು ನಮ್ಮವನು, ಆಚೆಯವನನ್ನು ಮರೆತುಬಿಡೋಣ ಎನ್ನುವುದು ರೂಢಿಯಾಗಿದೆ. ಆದರೆ ಅವನ ಯುದ್ಧ, ಒಪ್ಪಂದ, ಮದುವೆ, ಬರೆಸಿದ ಪುಸ್ತಕ, ಮಾಡಿಸಿದ ಕೊಲೆ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ಆ ಗೆರೆ ನಿಲ್ಲುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಅವನನ್ನು ಕಾಡಿದ್ದು ಒಂದೇ ಪ್ರಶ್ನೆ: ಈ ರಾಜ್ಯ ತನ್ನ ಮನೆಯವರ ಕೈಯಿಂದಲೇ ಪರರ ಪಾಲಾಗದಂತೆ ನೋಡಿಕೊಳ್ಳುವುದು ಹೇಗೆ?

ಈ ಪ್ರಶ್ನೆ ಅವನ ತಲೆಯೊಳಗೆ ತಾನಾಗಿ ಹುಟ್ಟಿದ ಭ್ರಮೆಯಲ್ಲ, ಅವನು ಹುಟ್ಟಿದ ಮನೆಯ ಚರಿತ್ರೆ. ಇಕ್ಕೇರಿ ನಾಯಕರ ಬಳಗದಿಂದ ಬಂದ ಲಿಂಗಾಯತ ಮನೆತನವೊಂದು ಹಾಲೇರಿಯಲ್ಲಿ ನೆಲೆನಿಂತು, ಕೊಡವ ನಾಯಕರನ್ನು ಒಬ್ಬೊಬ್ಬರಾಗಿ ಒಳಗೆ ಹಾಕಿಕೊಂಡು ಕೊಡಗಿನ ಅರಸುತನ ಕಟ್ಟಿತ್ತು. 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಮಡಿಕೇರಿಗೆ ತಂದ. ಹದಿನೆಂಟನೆಯ ಶತಮಾನದ ನಡುವಿನ ಹೊತ್ತಿಗೆ ಮನೆತನ ಹಾಲೇರಿ, ಹೊರಮಲೆ ಎಂಬ ಎರಡು ಕವಲಾಗಿತ್ತು. ಎರಡೂ ಕವಲಿನವರು ಕೆಲಕಾಲ ಜೊತೆಯಾಗಿ ಆಳಿದ್ದೂ ಉಂಟು. 1770ರಲ್ಲಿ ಆ ಇಬ್ಬರು ದೊರೆಗಳೂ ತೀರಿಕೊಂಡದ್ದೇ ತಡ, ಪಟ್ಟಕ್ಕಾಗಿ ಜಗಳ ಹತ್ತಿಕೊಂಡಿತು. ಹೊರಮಲೆಯ ದೇವಪ್ಪರಾಜ ಪಟ್ಟವೇರಿದಾಗ ಹಾಲೇರಿಯ ಲಿಂಗರಾಜ ಹೋಗಿ ನಿಂತದ್ದು ಹೈದರಾಲಿಯ ಬಾಗಿಲಲ್ಲಿ. ಅಲ್ಲಿಯವರೆಗೆ ಕೊಡಗಿನ ಕಣಿವೆಗಳಲ್ಲಿ ಏಟು ತಿಂದು ಹಿಂದಿರುಗುತ್ತಿದ್ದ ಮೈಸೂರಿನ ಸೈನ್ಯಕ್ಕೆ ಮನೆಯವರೇ ಬಾಗಿಲು ತೆರೆದು ಕೊಟ್ಟರು. ಲಿಂಗರಾಜನಿಗೆ ಪಟ್ಟ ಸಿಕ್ಕಿತು, ಹೈದರನಿಗೆ ಕೊಡಗಿನೊಳಗೆ ಕಾಲೂರಲು ಜಾಗ ಸಿಕ್ಕಿತು. ಆ ಲಿಂಗರಾಜ 1780ರಲ್ಲಿ ಸತ್ತಾಗ ಮಕ್ಕಳಿನ್ನೂ ಚಿಕ್ಕವರು; ಅವರು ದೊಡ್ಡವರಾಗುವತನಕ ರಾಜ್ಯ ನೋಡಿಕೊಳ್ಳುತ್ತೇನೆ ಎಂದು ಹೈದರ್ ಕೊಡಗನ್ನು ವಶಕ್ಕೆ ತೆಗೆದುಕೊಂಡು, ರಾಜಕುಮಾರರನ್ನು ಹೇಮಾವತಿ ದಡದ ಗೊರೂರಿನ ಕೋಟೆಗೆ ಸಾಗಿಸಿದ. ಅವರಲ್ಲಿ ಹಿರಿಯನೇ ಮುಂದೆ ದೊಡ್ಡವೀರರಾಜೇಂದ್ರ ಎನಿಸಿಕೊಂಡವನು. ದಾಯಾದಿ ಜಗಳಕ್ಕೆ ಅವನ ಮನೆ ತೆತ್ತ ಬೆಲೆ ಏನೆಂಬುದು ಅವನಿಗೆ ಗೊರೂರಿನ ಗೋಡೆಗಳ ನಡುವೆ ಗೊತ್ತಾಯಿತು.

ರಾಜರಿಲ್ಲದ ಕೊಡಗು ಸುಮ್ಮನೆ ಕೂರಲಿಲ್ಲ. ಹೈದರ್ ನೇಮಿಸಿದ ಸುಬ್ಬರಸಯ್ಯನ ಆಡಳಿತದ ಮೇಲೆ 1782ರಲ್ಲಿ ಕೊಡವರು ದಂಗೆ ಎದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರ್ ಸತ್ತ. ಟಿಪ್ಪು ರಾಜಕುಟುಂಬವನ್ನು ಗೊರೂರಿನಿಂದ ಪಿರಿಯಾಪಟ್ಟಣಕ್ಕೆ ಸ್ಥಳಾಂತರಿಸಿದ, ಮಡಿಕೇರಿಯ ಹೆಸರನ್ನು ಜಾಫರಾಬಾದ್ ಎಂದು ಬದಲಿಸಿದ, ಕೊಡಗಿನ ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹಾಗೆ ಸಾಗಿಸಿದವರ ಸಂಖ್ಯೆಯ ಬಗ್ಗೆ ಇಂದಿಗೂ ನಡೆಯುವ ವಾಗ್ವಾದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ನಮ್ಮ ಪ್ರಶ್ನೆಗೆ ಬೇಕಾದದ್ದು ಬೇರೆ. 1788ರ ಡಿಸೆಂಬರಿನಲ್ಲಿ ವೀರರಾಜೇಂದ್ರ ಕೊಡವರ ನೆರವಿನಿಂದ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡಾಗ ಒಬ್ಬನೇ ಬರಲಿಲ್ಲ. ಜೊತೆಯಲ್ಲಿ ಆಗಿನ ಹೆಂಡತಿ ಇದ್ದಳು, ಲಿಂಗರಾಜ ಮತ್ತು ಅಪ್ಪಾಜಿ ಎಂಬ ಇಬ್ಬರು ತಮ್ಮಂದಿರಿದ್ದರು. ಸೆರೆಯನ್ನು ಹಂಚಿಕೊಂಡ, ಒಂದೇ ರಾತ್ರಿಯ ಕತ್ತಲಲ್ಲಿ ಕಾಡು ದಾಟಿದ ತಮ್ಮಂದಿರು ಇವರು. ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹೊರಗೆ ಬಂದವನಿಗೆ ಮೊದಲು ಎದುರಾದದ್ದು ಟಿಪ್ಪುವಿನ ಸೈನ್ಯವಲ್ಲ, ಪಕ್ಕದ ಕೋಟಯಂ ಅರಸ. ಅವನು ವೀರರಾಜೇಂದ್ರನನ್ನು ಹಿಡಿದಿಟ್ಟು, ಕೊಡಗಿನ ಸೀಮೆಗಳನ್ನು ಬಿಟ್ಟುಕೊಡುವಂತೆ ಬಲವಂತವಾಗಿ ಬರೆಸಿಕೊಂಡ. ಬಿಡುಗಡೆಯಾದ ಮೇಲೆ ವೀರರಾಜೇಂದ್ರ ಆ ಬರಹಕ್ಕೆ ಕವಡೆಯ ಕಿಮ್ಮತ್ತೂ ಕೊಡಲಿಲ್ಲ ಎಂಬುದು ಬೇರೆ ಮಾತು.

ಮುಂದಿನ ಎರಡು ವರ್ಷದ ಯುದ್ಧ ಅವನ ಹೆಸರನ್ನು ನಿಲ್ಲಿಸಿತು. ಭಾಗಮಂಡಲ, ಕುಶಾಲನಗರ, ಬೆಪ್ಪುನಾಡು ಹೀಗೆ ಟಿಪ್ಪುವಿನ ಠಾಣೆಗಳು ಒಂದೊಂದಾಗಿ ಕೈಸೇರಿದವು. ಕೊನೆಗೆ ಉಳಿದದ್ದು ಮಡಿಕೇರಿ. ಆ ಕೋಟೆಯೊಳಗೆ ದವಸ ಮುಗಿಯುತ್ತ ಬಂದಿತ್ತು. ಅದಕ್ಕೆ ಆಹಾರ ತಲುಪಿಸಲು ಟಿಪ್ಪು ಕಳಿಸಿದ ದಂಡಿನ ನಾಯಕ ಖಾದರ್ ಖಾನ್. ಕಾಡಿನ ದಾರಿಯಲ್ಲಿ ಕೊಡವರು ಅವನನ್ನು ಸುತ್ತುಗಟ್ಟಿದರು; ಇನ್ನೊಂದು ಏಟು ಹಾಕಿದ್ದರೆ ದಂಡೂ ಇಲ್ಲ, ದವಸವೂ ಇಲ್ಲ. ಅಲ್ಲಿ ವೀರರಾಜೇಂದ್ರ ಕೈ ತಡೆದ. ಪಿರಿಯಾಪಟ್ಟಣದ ಸೆರೆಯಲ್ಲಿದ್ದಾಗ ಈ ಖಾದರ್ ಖಾನ್ ರಾಜಕುಟುಂಬದ ಬಗ್ಗೆ ದಯೆ ತೋರಿದ್ದ. ಆ ಋಣಕ್ಕಾಗಿ ಅವನ ಪ್ರಾಣ ಉಳಿಸಿದ್ದಲ್ಲದೆ, ಬರಿಗೈಯಲ್ಲಿ ಹಿಂದಿರುಗಿದರೆ ಟಿಪ್ಪು ಶಿಕ್ಷಿಸಿಯಾನು ಎಂದು, ದವಸವನ್ನು ಕೋಟೆಯೊಳಕ್ಕೆ ಬಿಟ್ಟು ಬರಲೂ ಒಪ್ಪಿದ. ಟಿಪ್ಪುವಿನ ಚರಿತ್ರೆ ಬರೆದ ವಿಲ್ಕ್ಸ್ ಈ ಪ್ರಸಂಗವನ್ನು ಮೆಚ್ಚಿ ಹೇಳುತ್ತಾನೆ. ಸೈನಿಕನ ಲೆಕ್ಕದಲ್ಲಿ ಇದು ಶುದ್ಧ ನಷ್ಟ: ಬೀಳಲಿದ್ದ ಕೋಟೆಗೆ ತಾನೇ ಅನ್ನ ಹಾಕಿದಂತೆ. ಇದನ್ನು ಕ್ಷಾತ್ರಧರ್ಮ, ಔದಾರ್ಯ ಎಂದು ಹೊಗಳುವವರಿದ್ದಾರೆ, ಹೊಗಳಲಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಯುದ್ಧದ ನಡುವೆಯೂ ಅವನ ಲೆಕ್ಕ ಮನೆಯಿಂದ ಶುರುವಾಗುತ್ತಿತ್ತು ಎಂಬುದು. ಮನೆಗೆ ಒಳ್ಳೆಯದು ಮಾಡಿದವನು ಶತ್ರುಪಾಳೆಯದಲ್ಲಿದ್ದರೂ ತನ್ನವನೇ. ಹಾಗಾದರೆ ಮನೆಗೆ ಅಪಾಯ ತರಬಹುದಾದವನು ರಕ್ತಸಂಬಂಧಿಯೇ ಆದರೂ ಪರಕೀಯನೇ. ಮೊದಲನೆಯ ಮಾತು 1790ರ ಹೊತ್ತಿನದು, ಎರಡನೆಯದು ಜಾರಿಗೆ ಬರಲು ಇನ್ನೂ ಹದಿನೈದಿಪ್ಪತ್ತು ವರ್ಷ ಬೇಕಾಯಿತು.

1790ರ ಅಕ್ಟೋಬರಿನಲ್ಲಿ ತಲಚೇರಿಯ ರಾಬರ್ಟ್ ಟೇಲರ್ ಮೂಲಕ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದವಾಯಿತು. ಮರುವರ್ಷ ಜನರಲ್ ಆಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕೊಡಗಿನ ಘಟ್ಟ ಹತ್ತಿ ಮೈಸೂರಿನತ್ತ ನಡೆದಾಗ ದಾರಿ ತೋರಿದವನು, ಅಕ್ಕಿ ಮತ್ತು ಎತ್ತುಗಳನ್ನು ಒದಗಿಸಿದವನು ವೀರರಾಜೇಂದ್ರ. ಆ ಜನರಲ್‌ನ ಜೊತೆಗಿನ ಭೇಟಿಯ ನೆನಪಿಗೆ 1792ರಲ್ಲಿ ಅವನು ಕಟ್ಟಿದ ಊರೇ ವಿರಾಜಪೇಟೆ. ಕೆನರಾದಿಂದ ಟಿಪ್ಪು ಹಿಡಿದೊಯ್ದಿದ್ದ, ಅವನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೂ ಅವನು ಅಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮನ ಇಗರ್ಜಿ ಆ ಕಾಲದ್ದೇ. ಯುದ್ಧದಲ್ಲಿ ಸೋತ ಟಿಪ್ಪುವಿನ ಜೊತೆ ನಡೆದ ಶ್ರೀರಂಗಪಟ್ಟಣದ ಸಂಧಾನದಲ್ಲಿ ಕೊಡಗನ್ನು ಬಿಡಬೇಕೆಂದಾಗ ಟಿಪ್ಪು ಕೆರಳಿ, ಮಾತುಕತೆಯೇ ಮುರಿದು ಬೀಳುವ ಹಂತಕ್ಕೆ ಹೋಗಿತ್ತು. ಅದೇ ಸಂಧಾನದಲ್ಲಿ ಟಿಪ್ಪು ತನ್ನ ಇಬ್ಬರು ಎಳೆಯ ಗಂಡುಮಕ್ಕಳನ್ನು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕೈಗೆ ಒತ್ತೆ ಇಡಬೇಕಾಯಿತು. ಗೊರೂರಿನ ಹಳೆಯ ಒತ್ತೆಯಾಳಿಗೆ ಇದರಿಂದ ಸಂತೋಷವಾಯಿತೋ ಏನೋ. ಆದರೆ ಚಿಕ್ಕ ಮಕ್ಕಳಿರುವ ಅರಸನ ಕುತ್ತಿಗೆ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿಯಂತೂ ಸಿಕ್ಕಿತು. 1793ರ ಒಪ್ಪಂದ ವರ್ಷಕ್ಕೆ 24,000 ರೂಪಾಯಿ ಕಪ್ಪ ಗೊತ್ತು ಮಾಡಿತು. 1799ರ ಮಾರ್ಚ್ 6ರಂದು ಸಿದ್ದೇಶ್ವರದ ಗುಡ್ಡದಲ್ಲಿ ಟಿಪ್ಪುವಿನ ಸೈನ್ಯ ಬೊಂಬಾಯಿ ದಂಡಿನ ಮೇಲೆ ಬಿದ್ದಾಗಲೂ ಕೊಡಗು ಕಂಪನಿಯ ಪಕ್ಕದಲ್ಲೇ ನಿಂತಿತು. ಟಿಪ್ಪು ಮಡಿದ ಮೇಲೆ ಕಪ್ಪವನ್ನು ಬಿಟ್ಟು ವರ್ಷಕ್ಕೊಂದು ಆನೆ ಕೊಟ್ಟರೆ ಸಾಕೆಂದಾಯಿತು.

ಹೊರಗಿನ ಶತ್ರು ತೀರಿದ. ಒಳಗಿನ ಪ್ರಶ್ನೆ ಹಾಗೇ ಉಳಿಯಿತು. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಕ್ಕಬ್ಬೆಯ ಬಳಿ ಅವನು ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ಗಮನವಿಟ್ಟು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೆಸರಿಗೆ ಅರಮನೆ, ಎರಡಂತಸ್ತಿನ ತೊಟ್ಟಿಮನೆ. ಮರದ ಕೆತ್ತನೆ, ಗೋಡೆಯ ಮೇಲೆ ಬಣ್ಣದ ಚಿತ್ತಾರ ಎಲ್ಲ ಇದೆ. ಜೊತೆಗೆ ಹೊರಗಿನಿಂದ ಬರುವವರನ್ನು ಕಣ್ಣಿಗೆ ಬೀಳದಂತೆ ನೋಡುವ ಕಿಂಡಿಗಳು, ಬೆಳಕು ಕಮ್ಮಿಯಾದ ಓಣಿಗಳು. ಅಂಗಳದಲ್ಲಿ ಪುಟ್ಟ ಮಂಟಪ. 1796ರಲ್ಲಿ ಮಹದೇವಮ್ಮಾಜಿಯನ್ನು ಅವನು ಮದುವೆಯಾದದ್ದು ಅಲ್ಲೇ. ರಾಜಧಾನಿ ಮಡಿಕೇರಿಯಲ್ಲಿ ಅಲ್ಲ, ಕಾಡಿನ ಮರೆಯಲ್ಲಿ. ಈ ಮದುವೆಯಿಂದ ನಾಲ್ವರು ಹೆಣ್ಣುಮಕ್ಕಳಾದರು, ಗಂಡು ಮಗು ಆಗಲಿಲ್ಲ. ಹಿರಿಯವಳು ದೇವಮ್ಮಾಜಿ. ಮಹದೇವಮ್ಮಾಜಿಯ ಸಂತತಿಗೇ ಪಟ್ಟ ಸಲ್ಲಬೇಕೆಂಬ ಹಟ ಅರಸನಲ್ಲಿ ಬಲಿಯಿತು. ಹಾಗಾದರೆ ತಮ್ಮಂದಿರ ಗತಿ? ಹಾಲೇರಿಯ ಪಟ್ಟ ಅದುವರೆಗೆ ಗಂಡಸರ ಕೈಯಲ್ಲೇ ಸುತ್ತುತ್ತ ಬಂದಿತ್ತು; ಮಗನಿಲ್ಲದಾಗ ತಮ್ಮನೋ ದಾಯಾದಿಯೋ ಮುಂದೆ ಬರುತ್ತಿದ್ದ. ಆ ದಾರಿಯನ್ನು ಮುಚ್ಚಬೇಕಿತ್ತು. ಅದಕ್ಕೆ ಅರಸ ಮೊದಲು ಹಿಡಿದದ್ದು ಕತ್ತಿಯನ್ನಲ್ಲ, ಲೇಖನಿಯನ್ನು. ‘ರಾಜೇಂದ್ರನಾಮೆ’ ಎಂಬ ಕನ್ನಡ ಗ್ರಂಥ ಅವನ ಅಪ್ಪಣೆಯ ಮೇರೆಗೆ ಸಿದ್ಧವಾಯಿತು. 1633ರಿಂದ 1807ರವರೆಗಿನ ಹಾಲೇರಿ ಅರಸರ ಚರಿತ್ರೆ ಅದು. 1808ರಲ್ಲೇ ಇಂಗ್ಲಿಷಿಗೂ ತರ್ಜುಮೆಯಾಯಿತು. ಇದನ್ನು ಆಸ್ಥಾನದ ಹೊಗಳಿಕೆ ಎಂದು ಓದುವವರೇ ಹೆಚ್ಚು. ಆದರೆ ಅದು ಮುಗಿಯುವ ವರ್ಷವನ್ನು ನೋಡಿ. ಮಹದೇವಮ್ಮಾಜಿ ತೀರಿಕೊಂಡು ಉತ್ತರಾಧಿಕಾರದ ಚಿಂತೆ ತುತ್ತತುದಿಗೆ ಮುಟ್ಟಿದ ಹೊತ್ತು ಅದು. ತನ್ನ ಹೆಣ್ಣುಮಕ್ಕಳ ಸಂತತಿಗೇ ರಾಜ್ಯ ಉಳಿಯುವಂತೆ ನೋಡಿಕೊಳ್ಳಿ ಎಂದು ಅವನು ಕಂಪನಿ ಸರ್ಕಾರಕ್ಕೆ ಬರೆಯುತ್ತಿದ್ದ ಹೊತ್ತೂ ಅದೇ. ನನ್ನ ಓದಿನಲ್ಲಿ ಅದು ಚರಿತ್ರೆಯ ವೇಷ ತೊಟ್ಟ ಉಯಿಲು.

ಇಂಥ ಸಂಕಟ ಕೊಡಗಿನದೊಂದೇ ಅಲ್ಲ. ಇಂಗ್ಲೆಂಡಿನ ಮೊದಲನೆಯ ಹೆನ್ರಿಯ ಒಬ್ಬನೇ ಸಕ್ರಮ ಗಂಡುಮಗ 1120ರಲ್ಲಿ ಹಡಗು ಮುಳುಗಿ ಸತ್ತ. ದೊರೆ ತನ್ನ ಮಗಳು ಮಟಿಲ್ಡಾಳನ್ನೇ ರಾಣಿಯೆಂದು ಒಪ್ಪುವಂತೆ ಸಾಮಂತರಿಂದ ಆಣೆ ಮಾಡಿಸಿದ. 1135ರಲ್ಲಿ ಅವನು ಕಣ್ಣು ಮುಚ್ಚಿದ್ದೇ ಸೋದರಳಿಯ ಸ್ಟೀಫನ್ ಪಟ್ಟವೇರಿದ. ಆಣೆ ಇಟ್ಟವರಲ್ಲಿ ಬಹಳ ಜನ ಅವನ ಹಿಂದೆ ಹೋದರು. ದೇಶ ಸುಮಾರು ಎರಡು ದಶಕ ಹೊತ್ತಿ ಉರಿಯಿತು. ಆ ಯುದ್ಧದಲ್ಲೇ 1152ರಲ್ಲಿ ಒಬ್ಬ ಪುಟ್ಟ ಹುಡುಗನನ್ನು ತಂದೆ ಸ್ಟೀಫನನಿಗೆ ಒತ್ತೆ ಇಟ್ಟು, ಮಾತು ತಪ್ಪಿದ. ದೊರೆಗೆ ಮಗುವನ್ನು ನೇಣು ಹಾಕಲು ಮನಸ್ಸು ಬರಲಿಲ್ಲ. ಆ ಹುಡುಗನೇ ಮುಂದೆ ತನ್ನ ಕಾಲದ ಅತಿ ದೊಡ್ಡ ಯೋಧನೆನಿಸಿದ ವಿಲಿಯಂ ಮಾರ್ಷಲ್. 1219ರಲ್ಲಿ ಅವನು ಸತ್ತ ಮೇಲೆ ಮನೆಯವರು ಅವನ ಜೀವನ ಚರಿತ್ರೆಯನ್ನು ಪದ್ಯದಲ್ಲಿ ಬರೆಸಿದರು. ಅವನ ಐವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಅಧಿಕಾರಕ್ಕೆ ಬಂದು, ಸಕ್ರಮ ಸಂತಾನವಿಲ್ಲದೆ ತೀರಿಕೊಂಡರು. 1245ರ ಹೊತ್ತಿಗೆ ಗಂಡು ಸಂತತಿ ಮುಗಿದು ಆಸ್ತಿ ಹೆಣ್ಣುಮಕ್ಕಳ ಕವಲುಗಳಿಗೆ ಪಾಲಾಯಿತು. ಅದಕ್ಕಾಗಿ ಯಾರೂ ದೇಶಕ್ಕೆ ಬೆಂಕಿ ಇಡಲಿಲ್ಲ. ಜಮೀನನ್ನು ಪಾಲು ಮಾಡಬಹುದು, ಸಿಂಹಾಸನವನ್ನು ಮಾಡಲಾಗುವುದಿಲ್ಲ, ವ್ಯತ್ಯಾಸ ಇಷ್ಟೇ. ವೀರರಾಜೇಂದ್ರನ ಪ್ರಜೆಗಳಾದ ಕೊಡವರಿಗೂ ಈ ತೊಡಕಿಗೆ ಮದ್ದು ಗೊತ್ತಿತ್ತು. ಗಂಡು ದಿಕ್ಕಿಲ್ಲದೆ ಒಕ್ಕವೊಂದು, ಅಂದರೆ ಕೊಡವ ಮನೆತನವೊಂದು, ಅಳಿಯುವಂತಾದರೆ ‘ಒಕ್ಕ ಪರಿಜೆ’ ಮದುವೆಯಲ್ಲಿ ಅಳಿಯ ಹೆಂಡತಿಯ ಒಕ್ಕಕ್ಕೇ ಸೇರುತ್ತಾನೆ, ಮಕ್ಕಳು ತಾಯಿಯ ಒಕ್ಕದ ಹೆಸರು ಹೊರುತ್ತಾರೆ. ಅರಸ ಕೇಳುತ್ತಿದ್ದುದು ಹೆಚ್ಚುಕಮ್ಮಿ ಅದನ್ನೇ. ಆದರೆ ಕೊಡವ ಒಕ್ಕದಲ್ಲಿ ಆ ಏರ್ಪಾಟನ್ನು ಕಾಯಲು ಹಿರಿಯರಿದ್ದರು, ನಾಡಿನ ಮುಖ್ಯಸ್ಥರಾದ ತಕ್ಕರಿದ್ದರು, ಮೂಲಮನೆಯಾದ ಐನ್‌ಮನೆಯ ಸುತ್ತ ನೆಂಟರಿಷ್ಟರಿದ್ದರು. ಕೊಡವರ ನಡುವೆ ಆಳುತ್ತಿದ್ದ ಲಿಂಗಾಯತ ಮನೆತನಕ್ಕೆ ಊರಿನಲ್ಲಿ ಪ್ರಜೆಗಳಿದ್ದರೇ ಹೊರತು ಬಂಧುಗಳಿರಲಿಲ್ಲ. ದೇವಮ್ಮಾಜಿಗೆ ಗಂಡು ತಂದದ್ದು ಕೂಡ ದೂರದ ಸೋದೆಯಿಂದ. ಮಾತನ್ನು ಉಳಿಸಿಕೊಡಲು ಅರಸನಿಗೆ ಸಿಕ್ಕ ಹಿರಿಯ ಎಂದರೆ ಕಂಪನಿಯೊಂದೇ.

ಈ ಹಿನ್ನೆಲೆಯಲ್ಲಿ ಕೊನೆಯ ವರ್ಷಗಳ ರಕ್ತಪಾತವನ್ನು ನೋಡಬೇಕು. ಅರಮನೆಯ ಕಾವಲಿನವರು ತನ್ನ ಕೊಲೆಗೆ ಸಂಚು ಹೂಡಿದರೆಂದು ಬಾಗಿಲು ಹಾಕಿಸಿ ಅವರನ್ನು ಕೊಲ್ಲಿಸಿದ. ಆಮೇಲೆ ಕೊಡವರನ್ನು ಬಿಟ್ಟು ಆಫ್ರಿಕಾ ಮೂಲದ ಸಿದ್ದಿಗಳನ್ನು ಮೈಗಾವಲಿಗೆ ಇಟ್ಟುಕೊಂಡ. ಮಹದೇವಮ್ಮಾಜಿಯ ಸಾವಿನ ನಂತರ ಸಿಟ್ಟಿನ ಭರದಲ್ಲಿ ಮರಣದಂಡನೆ, ತಣಿದ ಮೇಲೆ ಪಶ್ಚಾತ್ತಾಪ. ಕಡೆಗೆ ಇಬ್ಬರು ತಮ್ಮಂದಿರನ್ನೂ ಮುಗಿಸಲು ಆಳು ಕಳಿಸಿದ. ಕಳಿಸಿದ ಮೇಲೆ ಮನಸ್ಸು ತಿರುಗಿ, ಬೇಡವೆಂದು ಹಿಂದೆಯೇ ಓಲೆ ಅಟ್ಟಿದ. ಲಿಂಗರಾಜನ ಪಾಲಿಗೆ ಓಲೆ ಹೊತ್ತಿಗೆ ಸರಿಯಾಗಿ ಮುಟ್ಟಿತು. ಅಪ್ಪಾಜಿಯ ಪಾಲಿಗೆ ತಡವಾಯಿತು. ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇದು ಹುಚ್ಚಲ್ಲದೆ ಇನ್ನೇನು, ಹುಚ್ಚಿಗೆ ರಾಜಕೀಯ ಕಾರಣ ಹುಡುಕುವುದೇಕೆ? ಅವನ ಮನಸ್ಸು ಅಸ್ವಸ್ಥವಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು; ಅಪ್ಪಣೆ ಮತ್ತು ಪಶ್ಚಾತ್ತಾಪದ ನಡುವಿನ ಆ ಓಲಾಟವೇ ಅದಕ್ಕೆ ಸಾಕ್ಷಿ. ಆದರೆ ಹುಚ್ಚಿನ ಕೈ ಎಲ್ಲಿಗೆ ಹೋಯಿತು ಎಂಬುದನ್ನೂ ನೋಡಬೇಕಲ್ಲ. ಅದು ಕಂಡಕಂಡಲ್ಲಿ ಮಾತ್ರ ಬೀಸಲಿಲ್ಲ. ತನ್ನ ಪ್ರಾಣದ ಹತ್ತಿರ ಇದ್ದ ಕಾವಲಿನವರ ಮೇಲೆ, ಮಗಳಿಗೂ ಪಟ್ಟಕ್ಕೂ ನಡುವೆ ನಿಂತಿದ್ದ ಇಬ್ಬರ ಮೇಲೆ ಬಿತ್ತು. ಅಸ್ವಸ್ಥ ಮನಸ್ಸು ಕಡಿವಾಣವನ್ನು ಕಿತ್ತೆಸೆಯಿತು ಎನ್ನೋಣ, ಆದರೆ ದಾರಿ ಮೊದಲೇ ಇತ್ತು. ಒಪ್ಪಂದ, ಗ್ರಂಥ, ಕಾಗದ ಇವು ಯಾವ ದಾಯಾದಿಯನ್ನು ಹೊರಗಿಡಲು ಹೆಣಗುತ್ತಿದ್ದವೋ ಅವನನ್ನೇ ಕೊಲೆಗಾರನ ಕತ್ತಿಯೂ ಹುಡುಕಿಕೊಂಡು ಹೋಯಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈ ಕ್ರೌರ್ಯದ ಕಥೆಗಳನ್ನು ನಮಗೆ ದಾಟಿಸಿದವರು ಮುಖ್ಯವಾಗಿ ಬಾಸೆಲ್ ಮಿಷನ್ನಿನ ಪರಂಪರೆಯವರು. ಹರ್ಮನ್ ಮೋಗ್ಲಿಂಗ್ ಬರೆದದ್ದು 1855ರಲ್ಲಿ, ರಿಕ್ಟರ್ ಬರೆದದ್ದು 1870ರಲ್ಲಿ. ಎರಡೂ ಬ್ರಿಟಿಷರು ಕೊಡಗನ್ನು ನುಂಗಿದ ಮೇಲೆ. ಹಾಲೇರಿ ಅರಸರು ರಾಕ್ಷಸರಾದಷ್ಟೂ ಆ ನುಂಗುವಿಕೆ ನ್ಯಾಯವಾಗಿ ಕಾಣುತ್ತದೆ. ಈ ಎಚ್ಚರ ಬೇಕೇ ಬೇಕು. ಕಾವಲಿನವರ ಕೊಲೆಯಂಥ ಪ್ರಸಂಗಗಳಲ್ಲಿ ಬಾಯಿಂದ ಬಾಯಿಗೆ ಬೆಳೆದ ಬಣ್ಣ ಎಷ್ಟಿದೆಯೋ ಹೇಳಲಾಗದು. ಆದರೆ ರಾಕ್ಷಸ ಬೇಕಾಗಿದ್ದವರಿಗೆ ಕೊನೆಯ ದೊರೆ ಚಿಕ್ಕವೀರನೊಬ್ಬನೇ ಸಾಕಿತ್ತು. ದೊಡ್ಡವೀರ ಕಂಪನಿಯ ಆಪ್ತ ಮಿತ್ರ, ಟಿಪ್ಪುವಿನ ವಿರುದ್ಧ ಆಸರೆಯಾದವನು. ಅವನ ಹೆಸರಿಗೆ ಮಸಿ ಬಳಿದರೆ ಕಂಪನಿಯ ಸ್ನೇಹಕ್ಕೂ ಮಸಿ. ಅವನ ಬಗ್ಗೆ ಅದೇ ಲೇಖಕರು ಹೊಗಳಿಕೆಯನ್ನೂ ಧಾರಾಳವಾಗಿ ಬರೆದಿದ್ದಾರೆ. ಅದೂ ಅಲ್ಲದೆ, ಕೊಲೆಗಳ ಕಥೆಯನ್ನು ಪೂರ್ತಿ ಬದಿಗಿಟ್ಟರೂ ನನ್ನ ವಾದ ಕುಸಿಯುವುದಿಲ್ಲ. ಕಾಡಿನ ಅರಮನೆ, ರಾಜೇಂದ್ರನಾಮೆ, ಕಂಪನಿಗೆ ಬರೆದ ಕಾಗದ, ಎಳೆಯ ಮಗಳಿಗೆ ಪಟ್ಟ ಇವು ಮಿಷನರಿಗಳ ಕಲ್ಪನೆಯಲ್ಲ.

ಇಂದು ಅವನನ್ನು ಹೆಣ್ಣುಮಕ್ಕಳ ಹಕ್ಕಿಗೆ ನಿಂತ ಪ್ರಗತಿಪರ ಅರಸ ಎಂದು ಹೇಳುವ ಆಸೆಯೂ ಕೆಲವರಿಗೆ ಹುಟ್ಟಬಹುದು. ಅದನ್ನು ಒಪ್ಪುವುದು ಕಷ್ಟ. ದೇವಮ್ಮಾಜಿ ಅವನಿಗೆ ತನ್ನ ರಕ್ತವನ್ನು ಮೊಮ್ಮಗನಿಗೆ ದಾಟಿಸುವ ಸೇತುವೆ. ಆಕೆಗೆ ಆಡಳಿತದ ಪಾಠ ಹೇಳಿಸಿದ್ದಾಗಲಿ, ಕೊಡವ ಮುಖಂಡರ ನಡುವೆ ಆಕೆಯದೇ ಒಂದು ಬಲ ಕಟ್ಟಿದ್ದಾಗಲಿ ಕಾಣುವುದಿಲ್ಲ. ಕಟ್ಟಲು ಸಮಯವೂ ಇರಲಿಲ್ಲ. 1809ರ ಜೂನ್ 9ರಂದು ಅರಸ ತೀರಿಕೊಂಡಾಗ ಆಕೆಗೆ ಸುಮಾರು ಹತ್ತು ವರ್ಷ. ಕಂಪನಿ ಆಕೆಯನ್ನು ರಾಣಿಯೆಂದು ಒಪ್ಪಿತು, ಸೋದೆಯ ಅಳಿಯ ಅಧಿಕಾರ ನೋಡಿಕೊಂಡ. ಕೊಲೆಯಿಂದ ಕೂದಲೆಳೆಯಲ್ಲಿ ಪಾರಾಗಿದ್ದ ಲಿಂಗರಾಜ ಮೊದಲು ಹಿತೈಷಿಯಾಗಿ ಒಳಗೆ ಬಂದ, ಸೋದೆಯವನನ್ನು ಊರಿಗೆ ಕಳಿಸಿದ, 1811ರಲ್ಲಿ ತಾನೇ ದೊರೆಯಾದ. ಹುಡುಗಿಯೇ ಹಕ್ಕು ಬಿಟ್ಟುಕೊಟ್ಟಳೆಂಬ ಕಾಗದವೂ ಹುಟ್ಟಿತು. ಮಾತು ಉಳಿಸಿಕೊಡಬೇಕಾಗಿದ್ದ ಕಂಪನಿ ಸುಮ್ಮನಾಯಿತು; ಕೊಡಗಿನಲ್ಲಿ ಯಾರಾದರೂ ಒಬ್ಬ ಗಟ್ಟಿ ಅರಸನಿದ್ದರೆ ಅದಕ್ಕೆ ಸಾಕಿತ್ತು. ಮಡಿಕೇರಿಯ ಗದ್ದಿಗೆಗೆ ಹೋದವರು ನೋಡಿರುತ್ತಾರೆ: ನಡುವೆ ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯರ ಸಮಾಧಿ, ಪಕ್ಕದಲ್ಲೇ ಹೆಚ್ಚುಕಮ್ಮಿ ಅದೇ ಮಾದರಿಯ ಗುಮ್ಮಟದಡಿ ಲಿಂಗರಾಜ. ಅದೇ ಆವರಣದಲ್ಲಿ ದಂಡನಾಯಕ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇವೆ. ದೇವಮ್ಮಾಜಿಗೆ ಆ ಸಾಲಿನಲ್ಲಿ ಗುಮ್ಮಟವಿಲ್ಲ.

ಲಿಂಗರಾಜನ ಮಗ ಚಿಕ್ಕವೀರನ ಕಾಲಕ್ಕೆ ಅದೇ ಪ್ರಶ್ನೆ ಮತ್ತೆ ತಲೆ ಎತ್ತಿತು. ಅವನ ತಂಗಿಯ ಹೆಸರೂ ದೇವಮ್ಮಾಜಿಯೇ. ಅಣ್ಣನ ಭಯಕ್ಕೆ ಆಕೆ ಗಂಡ ಚೆನ್ನಬಸವಪ್ಪನ ಜೊತೆ 1832ರಲ್ಲಿ ಗಡಿ ದಾಟಿ ಮೈಸೂರು ಸೀಮೆಗೆ ಓಡಿ ಕಂಪನಿಯ ಆಶ್ರಯ ಬೇಡಿದಳು. ಅವರನ್ನು ಒಪ್ಪಿಸಿ ಎಂದು ಅರಸ ಹಟ ಹಿಡಿದ, ಕಂಪನಿ ಒಪ್ಪಲಿಲ್ಲ, 1834ರಲ್ಲಿ ಕರ್ನಲ್ ಫ್ರೇಸರ್ ಜೊತೆ ಬಂದ ಸೈನ್ಯ ಮಡಿಕೇರಿಯ ಮೇಲೆ ಬಾವುಟ ಹಾರಿಸಿತು. ಚಿಕ್ಕವೀರ ಕೊನೆಗೆ ಅಡಗಿ ಕುಳಿತದ್ದು ದೊಡ್ಡಪ್ಪ ಕಟ್ಟಿಸಿದ ನಾಲ್ಕುನಾಡು ಅರಮನೆಯಲ್ಲೇ. 1770ರಲ್ಲಿ ದಾಯಾದಿ ಜಗಳ ಹೈದರನನ್ನು ಒಳಗೆ ಕರೆದಂತೆ ಈಗ ಅಣ್ಣತಂಗಿಯರ ಜಗಳ ಬ್ರಿಟಿಷರನ್ನು ಕರೆಯಿತು. ಕಾಶಿಗೆ ಗಡಿಪಾರಾದ ಚಿಕ್ಕವೀರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. ಅವನು ಕೇಳಿದ್ದು ರಾಜ್ಯವನ್ನಲ್ಲ, ದೊಡ್ಡವೀರರಾಜೇಂದ್ರ ಹಿಂದೆ ಕಂಪನಿಯಲ್ಲಿ ತೊಡಗಿಸಿಟ್ಟಿದ್ದ ಹಣವನ್ನು. ಯಾವ ತಮ್ಮನನ್ನು ಕೊಲ್ಲಲು ಆಳು ಕಳಿಸಿದ್ದನೋ ಅವನ ಮಗನೇ ಈಗ ದೊಡ್ಡಪ್ಪನ ಹಣಕ್ಕೆ ವಾರಸುದಾರ. ದಾವೆ ತೀರ್ಮಾನವಾಗುವ ಮೊದಲೇ, 1859ರಲ್ಲಿ, ಅವನು ಲಂಡನ್ನಿನಲ್ಲಿ ತೀರಿಕೊಂಡ. ಹಣವೂ ಬರಲಿಲ್ಲ.